ಖಾಲಿ ಲೂಪಿನ ಗಂಟೆ

ತೊಂಬತ್ತೆಂಟರಲ್ಲಿ ನಾನು ಕಂಪ್ಯೂಟರ್ ಕಲಿತ ಸೆಂಟರು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯ ಮಹಡಿಯಲ್ಲಿತ್ತು. ಮಾಲೀಕರೇ ನಮ್ಮ ಮೇಷ್ಟ್ರು. ಹೊಸದೇನನ್ನೂ ಓದದಿರುವುದನ್ನೇ ಅವರು ಅನುಭವ ಎಂದು ಕರೆಯುತ್ತಿದ್ದರು.

ಬೇಲೂರಿನ ಒಂದು ಹೈಸ್ಕೂಲಿಗೆ ಪಿರಿಯಡ್ ಗಂಟೆಯನ್ನು ಕಂಪ್ಯೂಟರಿನಿಂದಲೇ ಬಾರಿಸುವ ಪ್ರೋಗ್ರಾಮ್ ಬರೆದುಕೊಡಲು ಅವರು ಒಪ್ಪಿದ್ದರು. ಅದು ನಡೆದರೆ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಕೆಲಸ ನನಗೆ ಎಂದು ಮಾತಾಗಿತ್ತು. ಮೇಷ್ಟ್ರು ಸಹಿ ಮಾಡಿದ ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿಯನ್ನೂ ಕೊಟ್ಟಿದ್ದೆ.

ಒಂದು ಪಿರಿಯಡ್ಡಿನ ನಲವತ್ತು ನಿಮಿಷ ಕಾಯಿಸಲು ಮೇಷ್ಟ್ರು ಕಂಡುಕೊಂಡ ಉಪಾಯ ಖಾಲಿ ಲೂಪು. ಕಂಪ್ಯೂಟರಿಗೆ ಸುಮ್ಮನೆ ಎಣಿಸುತ್ತಿರು ಎನ್ನುವುದು, ಎಣಿಸಿ ಮುಗಿದಾಗ ಗಂಟೆ ಹೊಡೆ ಎನ್ನುವುದು. ಎಷ್ಟರವರೆಗೆ ಎಣಿಸಬೇಕೆಂಬುದನ್ನು ಕೈಗಡಿಯಾರ ನೋಡಿ ಗೊತ್ತು ಮಾಡಿದ್ದರು. ಸೆಂಟರಿನ ಹಳೆಯ ಮಿಷನ್ನಿಗೆ ವೇಗ ಬದಲಿಸುವ ಟರ್ಬೊ ಗುಂಡಿಯೊಂದಿತ್ತು. ಯಾರಾದರೂ ಒತ್ತಿದರೆ ಲೆಕ್ಕ ತಪ್ಪುತ್ತಿತ್ತು. ಪ್ರೋಗ್ರಾಮ್ ತಿದ್ದುವ ಬದಲು ಅವರು ಗುಂಡಿಯ ಮೇಲೆ ಟೇಪ್ ಅಂಟಿಸಿದರು.

ಎಣಿಸುವ ವೇಗ ಒಂದೊಂದು ಮಿಷನ್ನಿಗೆ ಒಂದೊಂದು, ಒಳಗಿನ ಟೈಮರ್ ಮಾತ್ರ ಎಲ್ಲದರಲ್ಲೂ ಸೆಕೆಂಡಿಗೆ ಹದಿನೆಂಟು ಚಿಲ್ಲರೆ ಸಲ ಮಿಡಿಯುತ್ತದೆ, ಅದನ್ನು ಓದಿದರೆ ಸಾಕು ಎಂದು ಮೇಷ್ಟ್ರಿಗೆ ಹೇಳಿದೆ. ನನ್ನ ಆಗಿನ ದಿನಚರಿಯಲ್ಲಿ ಇದಕ್ಕೆ ಮೂರು ಗೀಟುಗಳಿವೆ. ಹೇಳಿದ್ದು ಮೂರು ಸಲ. ಕೊನೆಯ ಸಲ ಅವರು, "ಏನ್ಲಾ, ನಂಗೇ ಪಾಠ ಹೇಳ್ಕೊಡ್ತೀಯಾ? ಫೀಸು ನಾನೇ ಕೊಡ್ಬೇಕಾ ಈಗ?" ಎಂದರು. ನಗುವುದಕ್ಕೇ ಫೀಸು ಕಟ್ಟಿದವರಂತೆ ಬ್ಯಾಚೆಲ್ಲ ನಕ್ಕಿತು.

ಶಾಲೆಯವರ ಮಿಷನ್ ಹೊಚ್ಚ ಹೊಸದು. ಸೋಮವಾರ ಹತ್ತಕ್ಕೆ ಪ್ರಾರ್ಥನೆ ಮುಗಿದ ಮೇಲೆ, ನನ್ನನ್ನೂ ಕರೆದುಕೊಂಡು ಹೋಗಿದ್ದ ಮೇಷ್ಟ್ರು ಪ್ರೋಗ್ರಾಮ್ ಚಾಲೂ ಮಾಡಿ ಹೆಡ್‌ಮಾಸ್ತರರ ಜೊತೆ ಕಾಫಿಗೆ ಕುಳಿತರು. ಲೋಟ ಖಾಲಿಯಾಗುವ ಮೊದಲೇ ಮೊದಲ ಪಿರಿಯಡ್ ಮುಗಿಯಿತು. ಇನ್ನೂ ಹಾಜರಿ ಕರೆಯುತ್ತಿದ್ದ ಟೀಚರುಗಳು ಬಾಗಿಲಿಗೆ ಬಂದು ನಿಂತರು. ಹತ್ತೂಕಾಲಿಗೆ ಊಟದ ಗಂಟೆ ಹೊಡೆದು ಮಕ್ಕಳು ಡಬ್ಬಿ ಹಿಡಿದು ಹೊರಬಂದರು.

ಮೇಷ್ಟ್ರು ಬಗ್ಗಿ ಮಿಷನ್ನಿನ ಮುಂಭಾಗವನ್ನೆಲ್ಲ ತಡಕಿದರು. ಟರ್ಬೊ ಗುಂಡಿ ಹುಡುಕುತ್ತಿದ್ದರು. ಅಂಟಿಸಲು ಜೇಬಿನಲ್ಲಿ ಟೇಪೂ ತಂದಿದ್ದರು. ಹೊಸ ಮಿಷನ್ನಿಗೆ ಅಂಥ ಗುಂಡಿಯೇ ಇರಲಿಲ್ಲ.

"ಮಿಷನ್ನೇ ಸರಿ ಇಲ್ಲ ಸಾರ್, ಜಾಸ್ತಿ ಫಾಸ್ಟು," ಎಂದರು.

ಹೆಡ್‌ಮಾಸ್ತರರು ಪ್ಲಗ್ ಕೀಳಿಸಿ, ಮೊದಲು ಗಂಟೆಯಾಗಿದ್ದ ಹಳೆಯ ರೈಲು ಕಂಬಿಯ ತುಂಡನ್ನು ಮತ್ತೆ ತೂಗುಹಾಕಲು ಜವಾನನಿಗೆ ಹೇಳಿದರು. ಆಮೇಲೆ ನನ್ನ ಅರ್ಜಿ ತೆಗೆದು ಸರ್ಟಿಫಿಕೇಟಿನ ಸಹಿ ನೋಡಿದರು.

"ಇವರ ಹತ್ರಾನೇ ಕಲಿತದ್ದಾ ನೀನು?"

ಟೈಮರಿನ ವಿಷಯ ಹೇಳಲು ಬಾಯಿ ತೆರೆದೆ. ಅವರಾಗಲೇ ಅರ್ಜಿಯನ್ನು ಮಡಿಸಿ ನನ್ನ ಕೈಗೆ ಕೊಡುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ನಿಂತು, ಒಳ್ಳೇ ಹುಡುಗ ಸಾರ್, ನಾನೇ ತಯಾರು ಮಾಡಿದ್ದು ಎನ್ನುತ್ತಿದ್ದರು.