ಆ ಸೀರೆ ಉಟ್ಟವಳು ನಾನು

ಅಂದು ಟಾಕೀಜಿನಲ್ಲಿ ನಮ್ಮ ವೈನಿಯ ಹಸಿರು ಸೀರೆ ಉಟ್ಟು, ಪರಗಂಡಸಿನ ಪಕ್ಕದಲ್ಲಿ ಕೂತು ಮ್ಯಾಟಿನಿ ನೋಡಿದವಳು ನಾನು. ವೈನಿ ಅಲ್ಲ. ಮರುದಿನ ಅಣ್ಣ ಕೇಳಿದಾಗ ವೈನಿಯ ಹೆಸರು ಹೇಳಿದವಳೂ ನಾನೇ. ಆ ಸಂಜೆ ಅವಳ ಎಡಗಿವಿಯಿಂದ ರಕ್ತ ಹರಿಯಿತು. ಹೊಡೆದ ಕೈ ಅಣ್ಣನದು — ಹೊಡೆಸಿದ ಬಾಯಿ ನನ್ನದು.

ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಅವಳ ಹೆಸರು ನೀಲವ್ವ, ತವರು ವಾಗದರಿ. ಸೋಲಾಪುರ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲವದು. ಅಣ್ಣ ಮಲ್ಲಪ್ಪ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಚಾಳಿನ ಮೇಲಿನ ಮಾಳಿಗೆಯಲ್ಲಿ ಒಂದು ಖೋಲಿ, ಅದರಲ್ಲಿ ಅವ್ವ, ಅಣ್ಣ, ವೈನಿ, ಆಗಷ್ಟೇ ತಪ್ಪುಹೆಜ್ಜೆ ಇಡುತ್ತಿದ್ದ ಅವರ ಮಗ ಸಿದ್ದು, ಮತ್ತು ನಾನು, ಶಾಂತಾ. ನನ್ನ ಮದುವೆ ಅಕ್ಕಲಕೋಟೆಯ ಮನೆತನಕ್ಕೆ ನಿಶ್ಚಯವಾಗಿತ್ತು.

ನನಗೆ ಸಿನಿಮಾದ ಹುಚ್ಚು. ಹುಚ್ಚು ಎಂದರೆ ಸಣ್ಣ ಮಾತಾದೀತು. ಹೊಸ ಚಿತ್ರ ಬಂತೆಂದರೆ ಟಾಂಗಾಕ್ಕೆ ಬಣ್ಣದ ಬೋರ್ಡು ಕಟ್ಟಿ, ಬ್ಯಾಂಡು ಬಾರಿಸುತ್ತ, ಕಾಗದ ಎಸೆಯುತ್ತ ಪೇಟೆಯಲ್ಲಿ ತಿರುಗುತ್ತಿದ್ದರು. ನಾನು ರೊಟ್ಟಿ ಹಂಚಿನ ಮೇಲೆ ಬಿಟ್ಟು ಓಡುತ್ತಿದ್ದೆ. ನಾಯಕಿ ಹೆರಳು ಹಾಕಿದ ಹಾಗೆ ಹೆರಳು, ಅವಳು ಅತ್ತ ಹಾಗೆ ಅಳು — ಹಿತ್ತಾಳೆಯ ಪರಾತದಲ್ಲಿ ಮುಖ ನೋಡಿಕೊಂಡು ಅಳುವುದನ್ನು ಕಲಿತವಳು ನಾನು.

ಆದರೆ ಹಾಡು ಮಾತ್ರ ವೈನಿಯದು. ಕೆಳಗಿನ ಚಹಾದ ಹೋಟೆಲಿನ ರೇಡಿಯೋದಲ್ಲಿ ಹಾಡು ಬಂದರೆ ಅವಳು ಕೊಡ ಹಿಡಿದುಕೊಂಡೇ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತುಬಿಡುತ್ತಿದ್ದಳು. ಒಂದೇ ಸಲ ಕೇಳಿದರೆ ಸಾಕು, ಸಂಜೆ ಜೋಳ ಹಸನು ಮಾಡುವಾಗ ಅದೇ ಧಾಟಿ ಅವಳ ಬಾಯಲ್ಲಿ. ಹಿಂದಿ ಅವಳಿಗೆ ಅರ್ಧ ತಿಳಿಯುತ್ತಿತ್ತು, ತಿಳಿಯದ ಕಡೆ ತನ್ನದೇ ಕನ್ನಡ ತುಂಬುತ್ತಿದ್ದಳು. "ಶಾಂತಾ, ಅಕಾ ಕೇಳ, ಹಿಂದ ಒಬ್ಬಂವ ಸಾರಂಗಿ ಎಳಿಯಾಕತ್ತಾನ" ಎನ್ನುತ್ತಿದ್ದಳು. ನನಗೆ ಹಾಡುವವಳ ಧ್ವನಿಯೊಂದೇ ಕೇಳುತ್ತಿತ್ತು. ಅವಳು ಹೇಳಿದ ಮೇಲೆ — ಹೌದು, ಅಲ್ಲಿ ಸಾರಂಗಿ ಇರುತ್ತಿತ್ತು. ನಾನು ಇಂದಿಗೂ ಹಾಡು ಕೇಳುವುದು ಅವಳು ಕೊಟ್ಟ ಕಿವಿಯಿಂದ. ಅಂಥವಳ ಕಿವಿಯನ್ನೇ ನಾನು —

ಇರಲಿ. ಕ್ರಮವಾಗಿ ಹೇಳುತ್ತೇನೆ.

ಟಾಂಗಾದ ಹಿಂದೆ ಹೋಗುವ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದುವ ವಸಂತ ನಮ್ಮ ಚಾಳಿನ ತುದಿಯಲ್ಲೇ ಇದ್ದ. ಅವನ ಮೇಲೆ ನನಗೆ ಮನಸ್ಸಿತ್ತು. ಅವನಿಗೆ ನನ್ನ ಮೇಲೆ ಇತ್ತೋ ಇಲ್ಲವೋ, ಸಿನಿಮಾಕ್ಕೆ ಬರುತ್ತೀಯಾ ಎಂದು ಕೇಳಿದಾಗ ನಾನು ವಿಚಾರ ಮಾಡಲಿಲ್ಲ. ಅಂದು ಅವ್ವ ಸಿದ್ದುವನ್ನು ಎತ್ತಿಕೊಂಡು ಕುಂಭಾರಿ ಊರಿನಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿದ್ದಳು. ಅಣ್ಣ ಗಿರಣಿಗೆ ಹೋಗಿದ್ದ. ವೈನಿ ತಲೆನೋವೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಟ್ರಂಕಿನಿಂದ ಸದ್ದಾಗದಂತೆ ಹಸಿರು ಇಳಕಲ್ ಸೀರೆ ತೆಗೆದೆ. ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಬಾಗಿಲಲ್ಲಿ ಕೂಗಿ ಇಳಿದೆ.

ಹೆಂಗಸರ ಕಡೆ ಕೂರದೆ, ತಲೆತುಂಬ ಸೆರಗು ಹೊದ್ದು ವಸಂತನ ಪಕ್ಕದಲ್ಲಿ ಕೂತೆ. ಇಂಟರ್ವಲ್ಲಿನಲ್ಲಿ ಅವನು ಹೇಳಿದ: "ನಿಮ್ಮ ವೈನಿನ್ನೂ ಕರಕೊಂಡು ಬರಬೇಕಾಗಿತ್ತು. ಏನ ಕಂಠ ಐತಿ ಅವರ್ದು! ಅವರು ಹಾಡಾಕತ್ತಿದ್ರ ನಾ ವಾದ್ಯ ಕೆಳಗ ಇಡತೀನಿ."

ಅಷ್ಟೇ ಮಾತು. ಆಮೇಲಿನ ಸಿನಿಮಾ ನನಗೆ ಕಾಣಲಿಲ್ಲ. ಭಯಕ್ಕೆ ಸುಳ್ಳು ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಯವಿತ್ತು, ನಿಜ. ಆದರೆ ಭಯಕ್ಕಿಂತ ಮೊದಲೇ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಅಣ್ಣನ ಜೊತೆ ಕೆಲಸ ಮಾಡುವವನೊಬ್ಬ ಅಂದು ಅಲ್ಲೇ ಹಿಂದೆ ಕೂತಿದ್ದನಂತೆ. ನನ್ನ ಮುಖ ಅವನಿಗೆ ಕಂಡಿಲ್ಲ. ಸೀರೆ ಕಂಡಿದೆ, ಬ್ಯಾಂಡಿನವನು ಕಂಡಿದ್ದಾನೆ. ಆ ಸೀರೆ ಅಣ್ಣನ ಮದುವೆಯಲ್ಲಿ ಎಲ್ಲರೂ ನೋಡಿದ್ದು. ಮರುದಿನ ಗಿರಣಿಯಲ್ಲಿ ನಾಲ್ಕು ಜನರ ನಡುವೆ, ನಗುನಗುತ್ತ ಆ ಮಾತು ಅಣ್ಣನ ಕಿವಿಗೆ ಬಿತ್ತು.

ಸಂಜೆ ಗಿರಣಿಯ ಭೋಂಗಾ ಕೂಗಿದ ಮೇಲೆ ಅಣ್ಣ ಬಂದ. ಅವ್ವ, ಸಿದ್ದು ಇನ್ನೂ ಕುಂಭಾರಿಯಿಂದ ಬಂದಿರಲಿಲ್ಲ. ಚಪ್ಪಲಿ ಬಿಡಲಿಲ್ಲ. ಟ್ರಂಕು ಎಳೆದು ಸೀರೆ ಹೊರಗೆ ಹಾಕಿದ — ಮಡಿಕೆ ತಪ್ಪಿತ್ತು. ನಾನು ಅವಸರದಲ್ಲಿ ಮಡಚಿದ್ದೆ.

"ನಿನ್ನಿ ಇದನ್ನ ಯಾರು ಉಟ್ಟಿದ್ರು?"

ವೈನಿ ಒಲೆಯ ಮುಂದಿನಿಂದ ಎದ್ದಳು. "ಯಾರೂ ಉಟ್ಟಿಲ್ಲರಿ. ನಾ ಮಲಗಿದ್ದೆ." ಅಷ್ಟರಲ್ಲಿ ಅವಳ ಕಣ್ಣು ಮಡಿಕೆಯ ಮೇಲೆ ಬಿತ್ತು, ಅಲ್ಲಿಂದ ನನ್ನ ಮೇಲೆ. ಆ ಕ್ಷಣವೇ ಅವಳಿಗೆ ತಿಳಿಯಿತು.

"ಶಾಂತಾ, ನೀ ಹೇಳು."

ನಾನು ಹೇಳಿದೆ. "ವೈನಿನ ಉಟ್ಟಿದ್ರು. ನಾ ಕ್ಲಾಸಿಗೆ ಹೋಗೋವಾಗ ನೋಡೀನಿ."

ಮೊದಲನೆಯ ಏಟಿಗೆ ವೈನಿ ಒಲೆಯ ಕಡೆ ಬಿದ್ದಳು, ಹಂಚು ಉರುಳಿತು, ಕೆಂಡ ಚೆಲ್ಲಿತು. ಅವಳ ಹೆರಳು ಹಿಡಿದು ಎಳೆದು ನಿಲ್ಲಿಸಿದ. ಗೋಡೆಗೆ ಅಪ್ಪಳಿಸಿದ. "ನಾ ಅಲ್ಲರಿ... ನಾ ಅಲ್ಲ... ಶಾಂತಾ, ಖರೆ ಹೇಳ ತಂಗೀ..." ಎಂದು ಅವಳು ನನ್ನ ಕಡೆ ಕೈ ಚಾಚಿದಳು. ನಾನು ಹಿಂದೆ ಸರಿದೆ. ಮೂಲೆಯಲ್ಲಿ ಗಿರಣಿಯಿಂದ ತಂದ ಹಳೆಯ ಲಾಳಿಯೊಂದಿತ್ತು, ಮಗ್ಗದಲ್ಲಿ ನೂಲು ಒಯ್ಯುವ ಕಟ್ಟಿಗೆಯ ತುಂಡು, ತುದಿಗೆ ಕಬ್ಬಿಣ. ಸಿದ್ದು ದಿನಾ ಅದನ್ನು ಹಡಗು ಮಾಡಿಕೊಂಡು ಆಡುತ್ತಿದ್ದ. ಅಣ್ಣ ಅದನ್ನೇ ಎತ್ತಿಕೊಂಡ. ಮುಖದ ಮೇಲೆ, ಭುಜದ ಮೇಲೆ — ಆಮೇಲೆ ಕಿವಿಯ ಮೇಲೆ. ಒಣ ಕಟ್ಟಿಗೆ ಸೀಳಿದ ಸದ್ದು. ವೈನಿ ಕೂಗುವುದನ್ನು ನಿಲ್ಲಿಸಿದಳು. ರಕ್ತ ಕುತ್ತಿಗೆಗಿಳಿದು ಕುಪ್ಪಸದೊಳಗೆ ಹೋಯಿತು.

ಕೆಳಗೆ ರೇಡಿಯೋ ನಡೆದೇ ಇತ್ತು. ಗಂಡು ಹೆಣ್ಣು ಕೂಡಿ ಹಾಡುವ ಪ್ರೀತಿಯ ಹಾಡು. ಸಿನಿಮಾದಲ್ಲಿ ಏಟು ಬಿದ್ದರೆ ವಾದ್ಯಗಳೆಲ್ಲ ಒಮ್ಮೆಲೆ ಚೀರುತ್ತವೆ, ಯಾರೋ ಬಾಗಿಲು ಒದ್ದು ಒಳಗೆ ಬರುತ್ತಾರೆ. ಇಲ್ಲಿ ಗ್ಯಾಲರಿಯ ತುಂಬ ಜನ ನಿಂತಿದ್ದರು, ಒಬ್ಬರೂ ಹೊಸ್ತಿಲು ದಾಟಲಿಲ್ಲ. ವಸಂತ ತನ್ನ ಬಾಗಿಲಲ್ಲೇ ಇದ್ದ. ಅವನಿಗೆ ಎಲ್ಲ ಗೊತ್ತಿತ್ತು. ಅದೇ ವಾರ ಊರು ಬಿಟ್ಟ.

ವೈನಿಯನ್ನು ಟಾಂಗಾದಲ್ಲಿ ಹಾಕಿ ವಾಗದರಿಗೆ ಕಳಿಸಿದರು. ಸಿದ್ದುವನ್ನು ಕೊಡಲಿಲ್ಲ. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು, ಬಾಯಿ ಊದಿದ್ದರಿಂದ ತೊದಲುತ್ತ ಮಗನ ಹೆಸರು ಕೂಗುತ್ತಲೇ ಹೋದಳು. ನನ್ನ ಮದುವೆ ಸುಸೂತ್ರವಾಗಿ ನಡೆಯಿತು.

ಅಕ್ಕಲಕೋಟೆಯಲ್ಲಿಯೂ ನಾನು ಸಿನಿಮಾ ಬಿಡಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ತಂಬುವಿನ ಟಾಕೀಜಿಗೆ ಬರುವ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ಒಂದು ಚಿತ್ರ — ನಾದಿನಿಯ ಚಾಡಿಗೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಕಥೆ. ಹೆಂಗಸರ ಕಡೆ ಎಲ್ಲರೂ ಸೆರಗು ಬಾಯಿಗಿಟ್ಟು ಅಳುತ್ತಿದ್ದರು, ನಾದಿನಿ ಪರದೆಯ ಮೇಲೆ ಬಂದಾಗಲೆಲ್ಲ ಶಪಿಸುತ್ತಿದ್ದರು. ನಾನೂ ಅತ್ತೆ. ನಾನೂ ಬೈದೆ. "ಹುಳಾ ಬಿದ್ದು ಸಾಯಲಿ" ಎಂದೆ. ಮನೆಗೆ ಬಂದು ಗಂಡನಿಗೆ ಬಡಿಸಿದೆ, ಉಂಡೆ, ಮಲಗಿದೆ. ಕಣ್ಣೀರು ಬಂದರೆ ಪಾಪ ತೊಳೆದಂತೆ ಎಂದು ತಿಳಿದಿದ್ದೆ. ಆ ಸಿನಿಮಾಗಳೆಲ್ಲ ನನಗೆ ಮಾಡಿದ ಉಪಕಾರ ಅಷ್ಟೇ — ಅಗ್ಗದಲ್ಲಿ ಅಳಿಸಿ ಕಳಿಸಿದವು.

ಒಂದು ಗುರುವಾರ ಅಕ್ಕಲಕೋಟೆಯ ಗುಡಿಯ ಮುಂದೆ ವೈನಿ ಸಿಕ್ಕಳು. ನಾನೇ ಹೋಗಿ ಮಾತಾಡಿಸಿದೆ. ಅವಳು ಬಲಗಿವಿ ನನ್ನ ಕಡೆ ತಿರುಗಿಸಿ ಒಂದೇ ಕೇಳಿದಳು: "ಸಿದ್ದು ಎಷ್ಟ ಎತ್ತರ ಆಗ್ಯಾನ?" ಅಷ್ಟರಲ್ಲಿ ಬೀದಿಯಲ್ಲಿ ಮದುವೆಯ ಬ್ಯಾಂಡು ಬಂತು. ಅವಳು ಬಾರಿಸುವವರ ಗಲ್ಲ ಉಬ್ಬುವುದನ್ನೇ ನೋಡುತ್ತ ನಿಂತಳು. "ಯಾವ ಹಾಡು ಅದು? ಎಲ್ಲಾ ಕಲಸಿ ಬರೇ ಗದ್ದಲ ಕೇಳತೈತಿ" ಎಂದಳು.

ಆಗ ನಾನು ಮಾಡಿದ್ದು ಮೊದಲ ತಪ್ಪಿಗಿಂತ ಕೀಳು. ಅವಳ ಎಡಕ್ಕೆ ಸರಿದೆ. ಆ ಸತ್ತ ಕಿವಿಯ ಹತ್ತಿರ, ಬ್ಯಾಂಡಿನ ಗದ್ದಲದಲ್ಲಿ, "ತಪ್ಪಾತ ವೈನಿ, ಸುಳ್ಳ ಹೇಳಿದಾಕಿ ನಾ" ಎಂದೆ. ಅವಳಿಗೆ ಕೇಳಲಿಲ್ಲ. ಕೇಳುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಹೇಳಿಯಾಯಿತು ಎಂದು ಹಗುರಾಗಿ ಮನೆಗೆ ಬಂದೆ.

ಮತ್ತೆ ಎಷ್ಟೋ ವರ್ಷ. ನನ್ನ ಗಂಡ ತೀರಿಕೊಂಡ. ಸಿದ್ದು ಸೋಲಾಪುರದ ಕಚೇರಿಯೊಂದರಲ್ಲಿ ಕಾರಕೂನನಾದ. ಅವನಿಗೆ ಹೆಣ್ಣು ನೋಡುವಾಗ ಬೀಗರೊಬ್ಬರು ತಾಯಿಯ ವಿಷಯ ಕೇಳಿದರು. "ನಮ್ಮವ್ವ ಬ್ಯಾಂಡಿನಂವನ ಕೂಡ ಓಡಿ ಹೋದಾಕಿ, ಆಕಿ ಮಾತು ಬ್ಯಾಡ" ಎಂದ ಸಿದ್ದು, ನನ್ನ ಎದುರಿಗೇ, ತಲೆ ತಗ್ಗಿಸಿ. ಅವನಿಗೆ ಮನೆಯಲ್ಲಿ ಹಾಗೆಂದೇ ಹೇಳಿ ಬೆಳೆಸಿದ್ದರು.

ಮರುದಿನವೇ ವಾಗದರಿಗೆ ಹೋದೆ. ವೈನಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಉಳಿದ ಕಿವಿಯೂ ಮಂದವಾಗಿತ್ತು. ಮೆಲ್ಲಗೆ ಹೇಳಿದರೆ ನಡೆಯುವಂತಿರಲಿಲ್ಲ, ಕೂಗಬೇಕಾಯಿತು. ಓಣಿಯ ಹೆಂಗಸರು ಗೋಡೆಯ ಮೇಲಿಂದ ಇಣುಕಿದರು. "ಸೀರಿ ಉಟ್ಟಾಕಿ ನಾ! ಸುಳ್ಳ ಹೇಳಿದಾಕಿ ನಾ!"

ಅವಳು ಶೇಂಗಾ ಸುಲಿಯುವುದನ್ನು ನಿಲ್ಲಿಸಲಿಲ್ಲ. "ನನಗ ಯಾಕ ಹೇಳತಿ? ನನಗ ಅವತ್ತ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೋಗಿ ಹೇಳು."

ನೀರು ಕೂಡ ಕೊಡಲಿಲ್ಲ. ಕೊಡಬೇಕಾಗಿರಲಿಲ್ಲ.

ಅಲ್ಲಿಂದ ನೇರ ಸೋಲಾಪುರಕ್ಕೆ. ಅಣ್ಣ, ಸಿದ್ದು, ಇಬ್ಬರನ್ನೂ ಎದುರಿಗೆ ಕೂರಿಸಿ ಹೇಳಿದೆ. ಅಣ್ಣ ಕೆಮ್ಮಿದ. ಆಮೇಲೆ ಕೇಳಿದ: "ಮತ್ತ ಆಕಿ ಆವಾಗ ಯಾಕ ಹೇಳಲಿಲ್ಲ?"

"ಹೇಳಿದ್ಲಲ್ಲೋ ಅಣ್ಣಾ. ನೀ ಹೊಡಿಯೋವಾಗೆಲ್ಲಾ ಅದನ್ನ ಹೇಳಿದ್ಲು."

ಸಿದ್ದು ಎದ್ದ. ಅಪ್ಪನ ಅಂಗಿ ಹಿಡಿದೆತ್ತಿ ಗೋಡೆಗೆ ಅಪ್ಪಳಿಸಿದ — ಮುದುಕನ ತಲೆ ಗೋಡೆಗೆ ಬಡಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆಮೇಲೆ ನನ್ನ ಕಡೆ ತಿರುಗಿ ಹೊಡೆದ. ತುಟಿ ಒಡೆಯಿತು. ಅವನು ಮಾಡಿದ್ದು ಸರಿ ಎನ್ನುವುದಿಲ್ಲ, ತಪ್ಪು ಎನ್ನುವ ಅಧಿಕಾರವೂ ನನಗಿಲ್ಲ. ಮಾತು ಕೇಳುವ ಮೊದಲೇ ಕೈ ಎತ್ತುವ ಮನೆಯಲ್ಲಿ ಅವನನ್ನು ಬೆಳೆಸಿದವರು ನಾವು. ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅವನು ಹೊಸ್ತಿಲ ಮೇಲೆ ಕುಸಿದ. "ಆಕಿ ಬದುಕ್ಯಾಳೇನು?" ಎಂದು ಕೇಳಿದ. ಬೆಳಗಾದೊಡನೆ ವಾಗದರಿಯ ಬಸ್ಸು ಹತ್ತಿದ.

ಅವನು ಅಲ್ಲೇ ಇದ್ದಾನೆಂದು ಕೇಳಿದ್ದೇನೆ. ನನ್ನನ್ನು ಯಾರೂ ಕರೆದಿಲ್ಲ, ಕರೆಯಲಿ ಎಂದು ನಾನು ಕಾಯುತ್ತಲೂ ಇಲ್ಲ. ಅಂದು ಗ್ಯಾಲರಿಯಲ್ಲಿ ನಿಂತಿದ್ದವರಲ್ಲಿ ಬದುಕಿರುವವರ ಮನೆಗಳಿಗೆ ಹೋಗಿ ಹೇಳುತ್ತಿದ್ದೇನೆ. ಕೆಲವರಿಗೆ ನೆನಪಿಲ್ಲ. ಕೆಲವರು ಈಗ್ಯಾಕೆ ಎನ್ನುತ್ತಾರೆ. ನಾಳೆ ಕುಂಭಾರಿಗೆ ಹೋಗಬೇಕು. ಅಲ್ಲಿ ಅವ್ವನ ತಂಗಿಯ ಮಕ್ಕಳು ವೈನಿಯನ್ನು ಇನ್ನೂ 'ಓಡಿ ಹೋದಾಕಿ' ಎಂದೇ ಕರೆಯುತ್ತಾರೆ.