ಹೆಸರಿಲ್ಲದ ಮಾತ್ರೆ

ಚೆನ್ನೈಯ ಪೆರಂಬೂರಿನ ಆ ಓಣಿಯಲ್ಲಿ ಗೋದಾಬಾಯಿಯ ಬಗ್ಗೆ ಒಂದು ಮಾತಿತ್ತು. “ಮಾಮಿ ಬೈದರೆ ಭಯವಿಲ್ಲ, ಬೈಯದೆ ಕಾಫಿ ಕೊಟ್ಟರೆ ಊರು ಬಿಡಬೇಕು” ಎನ್ನುತ್ತಿದ್ದರು. ಸುಮ್ಮನೆ ಹುಟ್ಟಿದ ಮಾತಲ್ಲ. ಒಮ್ಮೆ ನೀರಿನ ಲಾರಿ ಬಂದಾಗ ಎದುರುಮನೆಯಾಕೆ ಸಾಲು ಮುರಿದು ತನ್ನ ಕೊಡ ಮುಂದೆ ತಳ್ಳಿದಳು. ಗೋದಾಬಾಯಿ ತುಟಿ ಬಿಚ್ಚಲಿಲ್ಲ. ಎಷ್ಟೋ ವರ್ಷದ ಮೇಲೆ ಆಕೆಯ ಮಗಳ ಮದುವೆಗೆ ಹೋದಳು, ಸಾರು ಕೇಳಿ ಹಾಕಿಸಿಕೊಂಡು ಉಂಡಳು, ಮದುಮಗಳ ತಲೆ ಸವರಿ ಉಡುಗೊರೆ ಕೊಟ್ಟಳು. ಹುಡುಗಿಯ ತಾಯಿಯ ಜೊತೆ ಮಾತ್ರ ಒಂದಕ್ಷರ ಆಡದೆ ಮನೆಗೆ ಬಂದಳು.

ಇಂಥವಳ ಹಗೆ ಕಟ್ಟಿಕೊಂಡವನು ಸ್ವಂತ ಮೈದುನ ಕೃಷ್ಣರಾಜ. ಅದೂ ಒಂದೇ ಸೂರಿನ ಕೆಳಗೆ.

ಮನೆಯ ಹಿಂದಿನ ಭಾಗದಲ್ಲಿ ಗೋದಾಬಾಯಿ ಮತ್ತು ಗಂಡ ಹರಿದಾಸರಾಯರು. ರಾಯರು ರೈಲು ಬೋಗಿ ಕಾರ್ಖಾನೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮುಂದಿನ ಭಾಗದಲ್ಲಿ ಕೃಷ್ಣರಾಜ, ಅವನ ಹೆಂಡತಿ ವಿನೋದಾ. ಬೀದಿಗೆ ತೆರೆದ ಕೋಣೆಯಲ್ಲಿ ಅವನ ಔಷಧದ ಅಂಗಡಿ. ಹಿತ್ತಲಲ್ಲಿ ಇಡೀ ಮನೆಗೆ ಒಂದೇ ಪಾಯಖಾನೆ.

ಆ ಅಂಗಡಿಗೆ ಬಂದವರು ಚೀಟಿ ತರುತ್ತಿರಲಿಲ್ಲ. “ಮೂಟ್ಟು ವಲಿಕ್ಕು ಒರು ಸೆಟ್ ಕುಡುಂಗಣ್ಣಾ” ಎಂದು ಮೊಣಕಾಲು ತೋರಿಸಿ ನೋವಿಗೊಂದು ಸೆಟ್ಟು ಕೇಳಿದರೆ ಸಾಕು. ಕೃಷ್ಣರಾಜ ಕತ್ತರಿ ತೆಗೆದು ಹಾಳೆಗಳಿಂದ ಒಂದೊಂದೇ ಮಾತ್ರೆ ಕತ್ತರಿಸುವನು, ಬಿಳಿಯದೊಂದು, ಹಳದಿಯದೊಂದು, ಗುಲಾಬಿಯದೊಂದು. ಹೆಸರಿನ ಭಾಗ ಅವನ ಡಬ್ಬಿಯಲ್ಲೇ ಉಳಿಯುವುದು. ಪೇಪರ್ ಚೂರಲ್ಲಿ ಸುತ್ತಿ ಕೊಟ್ಟದ್ದನ್ನು ನುಂಗಿದವರು ಸಂಜೆಗೆ ನೋವಿಲ್ಲದೆ ಓಡಾಡುವರು. ಅವನ ಕೈಗುಣ ದೊಡ್ಡದೆಂದು ಓಣಿಯೆಲ್ಲ ಹೊಗಳುವುದು.

ಹರಿದಾಸರಾಯರಿಗೂ ಮೊಣಕಾಲು ನೋವು, ತಮ್ಮನ ಸೆಟ್ಟೇ ಮದ್ದು. ಏಕಾದಶಿ ಬಂದರೆ ರಾಯರು ಹನಿ ನೀರೂ ಮುಟ್ಟದವರು. ಆದರೆ ಪೂಜೆಗೆ ಮಂಡಿ ಮಡಿಸಬೇಕಲ್ಲ; ಆ ಖಾಲಿ ಹೊಟ್ಟೆಗೆ ಒಂದುದ್ಧರಣೆ ತೀರ್ಥದ ಜೊತೆ ಸೆಟ್ಟು ನುಂಗಿ ಮಣೆಯ ಮೇಲೆ ಕೂರುತ್ತಿದ್ದರು. ಒಂದು ದ್ವಾದಶಿಯ ಬೆಳಗ್ಗೆ ಹಿತ್ತಲಿಂದ ಬಂದವರು ತಮ್ಮನ ಕಿವಿಯಲ್ಲಿ ಸಂಕೋಚದಿಂದ ಹೇಳಿದರು: “ಕಪ್ಪಗೆ ಹೋಗ್ತಿದೆಯಲ್ಲೋ.”

ಕೃಷ್ಣರಾಜ ನಕ್ಕ. “ಅಣ್ಣಾ, ಸೆಟ್‌ನಲ್ಲಿ ಕಬ್ಬಿಣದ ಮಾತ್ರೆ ಸೇರ್ಸಿದೀನಿ. ಅದಕ್ಕೇ ಕಪ್ಪು. ರಕ್ತ ಊರತ್ತೆ, ಒಳ್ಳೇದು ತಾನೆ?”

ಗೋದಾಬಾಯಿ ಪಾರಣೆಯ ಎಲೆ ಹಾಕುತ್ತಾ ಕೇಳಿಸಿಕೊಂಡಳು, ನಂಬಿದಳು. ನಂಬಿದ್ದರಿಂದಲೇ ದಿನಗಳು ಕಳೆದವು. ರಾಯರು ದೇವರ ಮುಂದೆ ಕುಸಿದು ಬಿದ್ದಾಗ ಮುಖ ಸುಣ್ಣದ ಗೋಡೆಯಂತಿತ್ತು.

ದೊಡ್ಡಾಸ್ಪತ್ರೆಯಲ್ಲಿ ಅವರನ್ನು ನೋಡಿದವಳು ಡಾಕ್ಟರ್ ಶ್ರೀಪ್ರಿಯಾ. ಕನ್ನಡದ ಮನೆಯ ಹುಡುಗಿ, ಚೆನ್ನೈಯಲ್ಲೇ ಓದಿದವಳು. ಹೊಟ್ಟೆಯೊಳಗೆ ರಕ್ತ ಸೋರಿ ಬರುವವರ ಮೇಲೆ ಅವಳ ವಿಭಾಗ ಸಂಶೋಧನೆ ನಡೆಸುತ್ತಿತ್ತು. ಯಾರಿಗೆ ಕೂಡಲೇ ಕ್ಯಾಮೆರಾದ ಕೊಳವೆ ಇಳಿಸಬೇಕು, ಯಾರು ಕಾಯಬಹುದು, ಯಾವ ಮಾತ್ರೆ ಒಳಗೆ ಹುಣ್ಣು ಮಾಡಿತು ಎಂದು ಒಬ್ಬೊಬ್ಬರನ್ನೂ ವಿಚಾರಿಸಬೇಕಿತ್ತು.

“ಏನೇನ್ ಮಾತ್ರೆ ತಗೋತಿದ್ರು ಮಾಮಿ?”

ಗೋದಾಬಾಯಿ ಮೈದುನನಿಗೆ ಫೋನು ಮಾಡಿದಳು. ಅವನೆಂದ: “ಬರೀ ವಿಟಮಿನ್ ಅತ್ತಿಗೆ, ವಿಟಮಿನ್.”

ರಕ್ತ ಕೊಟ್ಟರು, ಕೊಳವೆ ಇಳಿಸಿದರು. ತಡವಾಗಿತ್ತು. ಬಿಳಿ ಬಟ್ಟೆ ಮುಚ್ಚುವಾಗ ಶ್ರೀಪ್ರಿಯಾ ನರ್ಸಿಗೆ ಹೇಳಿದ್ದು ಗೋದಾಬಾಯಿಯ ಕಿವಿಗೆ ಬಿತ್ತು: “ಮಾತ್ತಿರೈ ಎನ್ನಾನ್ನು ತೆರಿಯಲೆ, ಅಪ್ಪಡಿಯೇ ಪೋಡುಂಗ.” ಯಾವ ಮಾತ್ರೆಯೋ ಗೊತ್ತಿಲ್ಲ, ಹಾಗೇ ಬರೆಯಿರಿ.

ಗೊತ್ತಿಲ್ಲ! ಒಬ್ಬ ಮನುಷ್ಯ ಸತ್ತ, ಕೊಂದದ್ದು ಯಾವುದೆಂದು ಗೊತ್ತಿಲ್ಲ. ಗೊತ್ತಿದ್ದವನು ಮನೆಯಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಂಡಿದ್ದ.

ವೈಕುಂಠ ಸಮಾರಾಧನೆ ಮುಗಿಯಿತು. ಕೃಷ್ಣರಾಜ ಅಣ್ಣನ ಫೋಟೋಗೆ ಗಂಧದ ಹಾರ ಹಾಕಿ ಅಂಗಡಿಯಲ್ಲೇ ನೇತುಹಾಕಿದ. ದಿನಾ ಊದುಬತ್ತಿ ಹಚ್ಚಿ, ಅದೇ ಕೈಯಲ್ಲಿ ಕತ್ತರಿ ಹಿಡಿದ. ಗೋದಾಬಾಯಿ ಬೈಯಲಿಲ್ಲ, ಅಳಲಿಲ್ಲ. ಬೆಳಗ್ಗೆ ಬೆಳಗ್ಗೆ ಅವನಿಗೆ ಕಾಫಿ ಕೊಟ್ಟಳು.

ಓಣಿಯವರು ನಡುಗಿದರು. ಅವನೊಬ್ಬನಿಗೆ ಅರ್ಥವಾಗಲಿಲ್ಲ.

ಅವಳು ಒಂದು ಸೆಟ್ಟು ಕೊಂಡು ಸೆರಗಿನಲ್ಲಿ ಕಟ್ಟಿ ಶ್ರೀಪ್ರಿಯಾಳ ಮುಂದೆ ಬಿಚ್ಚಿದಳು. ಡಾಕ್ಟರು ತಲೆಯಾಡಿಸಿದಳು. “ಲ್ಯಾಬ್‌ಗೆ ಕಳಿಸಿದ್ರೆ ಇದೇನಂತ ಗೊತ್ತಾಗತ್ತೆ ಮಾಮಿ. ಆದ್ರೆ ನಿಮ್ಮ ಯಜಮಾನರು ತಗೊಂಡಿದ್ದೂ ಇದೇನಾ? ಕೊಟ್ಟವರು ಬಾಯ್ಬಿಡ್ಬೇಕು, ಅವ್ವಳವುದಾನ್, ಅಷ್ಟೇ.”

“ಕಬ್ಬಿಣದಿಂದ ಕಪ್ಪು ಅಂದಿದ್ನಲ್ಲಮ್ಮಾ?”

“ಕಬ್ಬಿಣದ ಕಪ್ಪು ಬೇರೆ. ರಕ್ತ ಹೊಟ್ಟೇಲಿ ಕೆಟ್ಟು ಬಂದ್ರೆ ರೋಡ್‌ಗೆ ಹಾಕೋ ಟಾರ್ ಥರ ಅಂಟತ್ತೆ. ನೀರು ಹಾಕಿದ್ರೂ ಹೋಗಲ್ಲ. ಆ ನಾತ ಒಂದ್ಸಲ ಮೂಗಿಗೆ ಬಡಿದ್ರೆ ಮರೆಯಕ್ಕಾಗಲ್ಲ.”

ಗೋದಾಬಾಯಿಗೆ ಆಗ ಬೇಕಾದದ್ದು ಒಂದೇ ಒಂದು. ಆ ಪೊಟ್ಟಣದಲ್ಲಿ ಏನಿತ್ತೆಂದು ಕೃಷ್ಣರಾಜ ತನ್ನ ಬಾಯಿಂದ ಹೇಳಬೇಕು. ಆ ‘ಗೊತ್ತಿಲ್ಲ’ ಅಳಿಯಬೇಕು. ಅದಕ್ಕಾಗಿ ಅವಳು ಕಾದಳು, ಹುಣಸೆಹಣ್ಣು ನೆನೆಯಲು ಹಾಕಿದವಳ ಹಾಗೆ.

ಕೃಷ್ಣರಾಜನಿಗೂ ದಿನವೆಲ್ಲ ನಿಂತು ಸೊಂಟನೋವು. ಅವನೂ ತನ್ನ ಸೆಟ್ಟನ್ನೇ ನುಂಗುತ್ತಿದ್ದ. ಒಂದು ಭಾನುವಾರ ಬೆಳಗ್ಗೆ ಅವನು ಹಿತ್ತಲಿಂದ ಬಂದ ಮೇಲೆ ಗೋದಾಬಾಯಿ ಪಾಯಖಾನೆಗೆ ಹೋದಳು. ನಾತ ಮುಖಕ್ಕೆ ಹೊಡೆಯಿತು. ಬಕೆಟ್ಟು ನೀರು ಸುರಿದಳು. ಕಪ್ಪು ಹೋಗಲಿಲ್ಲ, ಅಂಟಿಕೊಂಡೇ ಇತ್ತು.

ಹೊರಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತಳು. ಮೈಯೆಲ್ಲ ಬೆಚ್ಚಗಾಯಿತು. ಸುಮ್ಮನಿದ್ದರೆ ಸಾಕು. ಅವನು ಸುಮ್ಮನಿದ್ದ ಹಾಗೆ. ಯಾರಾದರೂ ಕೇಳಿದರೆ ಕಬ್ಬಿಣ ಎಂದರಾಯಿತು.

ಅಂಗಡಿಯ ಊದುಬತ್ತಿಯ ವಾಸನೆ ಹಿತ್ತಲಿಗೆ ತೇಲಿ ಬಂತು. ಆಗ ಅವಳಿಗೆ ಆ ಗೋಡೆ ಕಂಡಿತು: ಅಣ್ಣನ ಪಕ್ಕದಲ್ಲಿ ತಮ್ಮನ ಫೋಟೋ, ಅದಕ್ಕೂ ಗಂಧದ ಹಾರ, ‘ಕೈಗುಣದ ಮನುಷ್ಯ, ಪಾಪ’ ಎನ್ನುವ ಓಣಿ. ಗೋದಾಬಾಯಿ ಧಡಕ್ಕನೆ ಎದ್ದಳು. ಅಷ್ಟು ಸುಲಭಕ್ಕೆ ಬಿಡುವುದೇ?

“ವಿನೋದಾ! ಆಟೋ ಕರಿಯೇ! ನಿನ್ನ ಗಂಡನ ಹೊಟ್ಟೇಲಿ ರಕ್ತ ಸೋರ್ತಿದೆ!”

ಆಟೋದಲ್ಲಿ ಕೃಷ್ಣರಾಜ ಬೆವರಿ ಒದ್ದೆಯಾಗಿದ್ದ. ಅತ್ತಿಗೆಯ ಕೈ ಹಿಡಿದು ಪಿಸುಗುಟ್ಟಿದ: “ಮಾತ್ರೆ ವಿಷಯ ಎತ್ಬೇಡಿ ಅತ್ತಿಗೆ. ಲೈಸೆನ್ಸ್ ಹೋಗ್ಬಿಡತ್ತೆ.”

“ನಾನ್ಯಾಕೆ ಎತ್ಲಿ? ನಿನ್ಗೂ ಬಾಯಿದೆ.”

ಶ್ರೀಪ್ರಿಯಾ ಡ್ರಿಪ್ಪು ಹಾಕಿಸಿ, ರಕ್ತ ತರಲು ಹೇಳಿ, ಕೊಳವೆ ಸಿದ್ಧ ಮಾಡಿಸುತ್ತಾ ಅದೇ ಪ್ರಶ್ನೆ ಕೇಳಿದಳು. ಕೃಷ್ಣರಾಜ ಕಣ್ಣು ಮುಚ್ಚಿದ. “ವಿಟಮಿನ್...”

ಗೋದಾಬಾಯಿ ಬಾಗಿ ಅವನ ಮುಖದ ಹತ್ತಿರ ಬಂದಳು. ದನಿ ಏರಿಸಲಿಲ್ಲ. “ನಿಮ್ಮಣ್ಣನಿಗೂ ಅದೇ ವಿಟಮಿನ್ ಅಂದೆ. ಈಕೆ ಗೊತ್ತಿಲ್ಲ ಅಂತ ಬರ್ಕೊಂಡ್ಳು. ಇವತ್ತೂ ಬರ್ಕೋತಾಳೆ. ಹೋಗು ಹಂಗಾದ್ರೆ. ನಿನ್ನ ಫೋಟೋಗೂ ಒಂದು ಮೊಳೆ ಹೊಡಿಸ್ತೀನಿ.”

“ಅಕ್ಕಾ, ಈಗೇನ್ ಮಾತು ಇದು!” ವಿನೋದಾ ಕಿರುಚಿದಳು.

ಅಷ್ಟರಲ್ಲಿ ಅವನು ವಾಂತಿ ಮಾಡಿಕೊಂಡ. ತಟ್ಟೆಯಲ್ಲಿ ಬಿದ್ದದ್ದನ್ನು ಕಂಡು ಅವನ ಬೀಗ ಮುರಿಯಿತು. ಹೇಳಿದ. ನೋವಿನ ಮಾತ್ರೆ ಎರಡು ಬಗೆಯದು, ಜೊತೆಗೊಂದು ಸ್ಟೀರಾಯ್ಡ್. ಒಂದೊಂದರ ಹೆಸರೂ ಹೇಳಿದ.

“ಅಣ್ಣನಿಗೆ ಕೊಟ್ಟಿದ್ದು?”

“ಅದೇ ಅತ್ತಿಗೆ.”

“ಕಬ್ಬಿಣ ಇತ್ತಾ?”

ಅವನು ಅಳತೊಡಗಿದ. “ಇರ್ಲಿಲ್ಲ. ಅಣ್ಣ ಹೆದರ್ಬಾರ್ದು ಅಂತ... ಇರ್ಲಿಲ್ಲ.”

“ಶರಿ, ಮಾಮಿ ಹೊರಗೆ ನಡೀರಿ,” ಎಂದಳು ಶ್ರೀಪ್ರಿಯಾ. ಕೊಳವೆ ಇಳಿಸಿದಾಗ ಹುಣ್ಣಿನ ನಡುವೆ ರಕ್ತನಾಳವೊಂದು ಜಿನುಗುತ್ತಿತ್ತಂತೆ. ಚುಚ್ಚುಮದ್ದು ಕೊಟ್ಟು, ಪುಟ್ಟ ಕ್ಲಿಪ್ಪು ಹಾಕಿ ಬಿಗಿದಳು. ಹೊರಗೆ ಬಂದು, “ನೀವು ಉಳಿಸಿದ್ರಿ ಮಾಮಿ. ಸಂಜೆತನಕ ಬಿಟ್ಟಿದ್ರೆ ಹೋಗ್ತಿದ್ರು,” ಎಂದಳು.

“ಅವನಿಗೋಸ್ಕರ ಅಲ್ಲಮ್ಮಾ. ಸತ್ತಿದ್ರೆ ದೇವರಾಗ್ತಿದ್ದ. ನಂಗೆ ಅವನು ಬದುಕಿರ್ಬೇಕು.” ಸ್ವಲ್ಪ ತಡೆದು ಕೇಳಿದಳು: “ನಮ್ಮೋರದ್ದು ಗೊತ್ತಿಲ್ಲ ಅಂತ ಬರ್ದಿದ್ಯಲ್ಲ, ತಿದ್ದುತೀಯಾ?”

“ಇವತ್ತೇ ತಿದ್ದುತೀನಿ.”

ಆಸ್ಪತ್ರೆಯಿಂದ ಸುದ್ದಿ ಹೋಗಿ ಔಷಧ ಇಲಾಖೆಯವರು ಬಂದರು, ಅಂಗಡಿಗೆ ಮುದ್ರೆ ಬಿತ್ತು. ಕೃಷ್ಣರಾಜ ಗಂಜಿ ಕುಡಿಯುತ್ತಾ ಜಗಲಿಯಲ್ಲಿ ಕೂರತೊಡಗಿದ. ವಿನೋದಾ ಮುಖ ತಿರುಗಿಸಿಕೊಂಡೇ ಹೇಳಿದಳು: “ಅಕ್ಕಾ, ಇನ್ನು ಒಂದೇ ಮನೇಲಿ ಆಗಲ್ಲ.”

“ನಂಗೂ ಇಲ್ಲಿ ಇನ್ನೇನ್ ಕೆಲಸ?” ಎಂದಳು ಗೋದಾಬಾಯಿ. ಕೋಡಂಬಾಕ್ಕಂನಲ್ಲಿದ್ದ ತಂಗಿ ಅಂಬುಜಾಳ ಮನೆಗೆ ಹೇಳಿ ಕಳಿಸಿದಳು.

ಹೊರಟ ದಿನ ಪೆಟ್ಟಿಗೆಗಳೆಲ್ಲ ಆಟೋ ಏರಿದ ಮೇಲೆ ಗಂಡನ ಫೋಟೋ ಎದೆಗೆ ಅವಚಿಕೊಂಡು ಜಗಲಿಗೆ ಬಂದಳು. ಮುದ್ರೆ ಹಾಕಲು ಬಂದವರ ಕೈಯಿಂದಲೇ ಅದನ್ನು ಇಳಿಸಿಕೊಂಡಿದ್ದಳು. ಗಂಧದ ಹಾರ ಬಿಚ್ಚಿ ಕೃಷ್ಣರಾಜನ ಪಕ್ಕದಲ್ಲಿಟ್ಟಳು. “ಇದು ನೀನು ತಂದಿದ್ದು. ಇಟ್ಕೋ.”

ಅಷ್ಟು ಹೊತ್ತಿಗೆ ಮೀನು ಮಾರುವ ಮುದುಕಿ ಬುಟ್ಟಿ ಇಳಿಸಿ ಅವನೆದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. ದಿನಕ್ಕೆ ಒಬ್ಬರಾದರೂ ಹೀಗೆ ಬಂದು ನಿಲ್ಲುತ್ತಿದ್ದರು. “ಏಂಪಾ, ಎನಕ್ಕು ಎನ್ನ ಮಾತ್ತಿರೈ ಕುಡುತ್ತೇ? ಸೊಲ್ಲು.” ನನಗೆ ಯಾವ ಮಾತ್ರೆ ಕೊಟ್ಟೆ, ಹೇಳು.

ಆಟೋದವನು ಹಾರನ್ ಬಾರಿಸಿದ. ಗೋದಾಬಾಯಿ ಕದಲಲಿಲ್ಲ. ಮೈದುನ ಗಂಟಲು ಸರಿಮಾಡಿಕೊಂಡು ಮೊದಲನೆಯ ಮಾತ್ರೆಯ ಹೆಸರು ಹೇಳಿದ, ಎರಡನೆಯದನ್ನು ಹೇಳಿದ, ಮೂರನೆಯದಕ್ಕೆ ತಡವರಿಸಿ ಅದನ್ನೂ ಹೇಳಿದ. ಆಮೇಲೆಯೇ ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು.