ನೋವಿನ ಮೇಲೆ ಬೈಗುಳ

ಕೋವಿಡ್ ವಾರ್ಡುಗಳನ್ನು ಮುಚ್ಚಿ ಎರಡು ವರ್ಷವಾಗಿತ್ತು. ನಾನು ಆಗ ಮಹಾರಾಷ್ಟ್ರದ ಮಿರಜದ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ಮೂರು ವರ್ಷ ಬಾಕಿ ಇತ್ತು. ಗಣಪತಿ ಹಬ್ಬದ ಹಿಂದಿನ ವಾರ ನಮ್ಮ ಪೇನ್ ಕ್ಲಿನಿಕ್ಕಿನ ಮುಖ್ಯಸ್ಥ ಡಾ. ಕುಲಕರ್ಣಿ ಎಂಟು ಫೈಲುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು.

"ಇವರಿಗೆ ನನ್ನ ಕಡೆ ಇದ್ದ ಔಷಧ ಎಲ್ಲಾ ಕೊಟ್ಟೇನಿ. ಇಂಜೆಕ್ಷನ್ ಆತು, ಫಿಸಿಯೋಥೆರಪಿ ಆತು. ನೋವು ಹೋಗಿಲ್ಲ. ಇನ್ನ ನೀವ ನೋಡ್ರಿ" ಎಂದರು.

ಮೂರು ತಿಂಗಳು ದಾಟಿಯೂ ಉಳಿದ ನೋವನ್ನು ನಮ್ಮ ವೃತ್ತಿಯಲ್ಲಿ ಕ್ರಾನಿಕ್ ಪೇನ್ ಎನ್ನುತ್ತೇವೆ. ಎಷ್ಟೋ ಸಲ ಗಾಯ ಮಾಯ್ದಿರುತ್ತದೆ, ಸ್ಕ್ಯಾನಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ಕಾಣುವುದಿಲ್ಲ; ಆದರೆ ನರಮಂಡಲ ಅಪಾಯದ ಸುದ್ದಿ ಕಳಿಸುತ್ತಲೇ ಇರುತ್ತದೆ. ಅನುಭವಿಸುವವರ ಪಾಲಿಗೆ ಆ ನೋವು ಅಪ್ಪಟ ನಿಜ. ಇಂಥವರನ್ನು ಒಟ್ಟಿಗೆ ಕೂರಿಸಿ, ನೋವಿನೊಂದಿಗೆ ಬದುಕುವ ದಾರಿಯನ್ನು ಕಲಿಸುವ ಗ್ರೂಪ್ ಥೆರಪಿಯ ತರಬೇತಿಯನ್ನು ನಾನು ಹಿಂದಿನ ವರ್ಷವಷ್ಟೇ ಪಡೆದಿದ್ದೆ. ಎಂಟು ವಾರ, ಪ್ರತಿ ಗುರುವಾರ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂವರೆ.

ಆ ಎಂಟೂ ಮಂದಿ ಮನೆಯಲ್ಲಿ ಕನ್ನಡ ಮಾತಾಡುವವರು. ಆಸ್ಪತ್ರೆಯ ಅರ್ಜಿಯನ್ನು ಮರಾಠಿಯಲ್ಲಿ ತುಂಬುತ್ತಿದ್ದರು, ಡಾಕ್ಟರಿಗೆ ಮರಾಠಿಯಲ್ಲೇ ಉತ್ತರಿಸುತ್ತಿದ್ದರು. ಆದರೆ ಸೂಜಿ ಚುಚ್ಚಿದಾಗ ಬಾಯಿಂದ ಬರುತ್ತಿದ್ದದ್ದು "ಯವ್ವಾ" ಎಂದೇ. ನಾನೂ ಸಾಂಗ್ಲಿಯ ಅಂಥದ್ದೇ ಮನೆಯವಳು. ಧಾರವಾಡದಲ್ಲಿ ಓದಿದ್ದರಿಂದ ಕನ್ನಡದಲ್ಲಿ ಬರೆಯಲೂ ಬರುತ್ತಿತ್ತು. ಈ ಗುಂಪನ್ನು ಕನ್ನಡದಲ್ಲೇ ನಡೆಸುವುದೆಂದು ತೀರ್ಮಾನಿಸಿದೆ.

ಮೊದಲ ಗುರುವಾರವೇ ಎಡವಿದೆ. ನಮಗೆ ಕೊಟ್ಟಿದ್ದ ಕೋಣೆ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಬೆನ್ನು, ಮೊಣಕಾಲು ನೋಯುವವರನ್ನು ಮೆಟ್ಟಿಲು ಹತ್ತಿಸಿ ನೋವಿನ ಬಗ್ಗೆ ಪಾಠ ಹೇಳಲು ಹೊರಟಿದ್ದೆ. ಎಲ್ಲರಿಗಿಂತ ಕೊನೆಗೆ ಏದುಸಿರು ಬಿಡುತ್ತ ಬಂದವರು ಚಂದ್ರಶೇಖರ ಕಾಕಾ. ಅರವತ್ತನಾಲ್ಕು ವಯಸ್ಸು, ಸಾಂಗ್ಲಿಯ ಅರಿಶಿನ ವ್ಯಾಪಾರಿ. ಬೆನ್ನಿನ ಆಪರೇಶನ್ ಆಗಿ ಐದು ವರ್ಷವಾಗಿದ್ದರೂ ಎಡಗಾಲಿನ ಉರಿ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು, "ಮ್ಯಾಡಮ್, ಇದು ಪರೀಕ್ಷಾ ಏನ್ರಿ? ಪಾಸಾದವರಿಗಷ್ಟ ಒಳಗ ಪ್ರವೇಶ?" ಎಂದರು. ಎಲ್ಲರೂ ನಕ್ಕರು. ನನಗೆ ನಾಚಿಕೆಯಾಯಿತು. ಮುಂದಿನ ವಾರ ಕೆಳಮಹಡಿಯ ಫಿಸಿಯೋಥೆರಪಿ ಹಾಲಿನ ಒಂದು ಮೂಲೆಯನ್ನು ಕಾಡಿ ಬೇಡಿ ಪಡೆದುಕೊಂಡೆ.

ನಾನು ಹೇಳಹೊರಟಿರುವುದು ಮುಖ್ಯವಾಗಿ ಪದ್ಮಾವತಿಯ ವಿಷಯ. ಮಾಲಗಾಂವದ ಜೈನ ಮನೆತನದ ಸೊಸೆ, ನಲವತ್ತಾರು ವಯಸ್ಸು. ಗಂಡ ಅಣ್ಣಾಸಾಹೇಬರ ಜೊತೆಗೆ ಮೂರು ಎಕರೆ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದಳು. ಆರು ವರ್ಷದಿಂದ ಕುತ್ತಿಗೆ, ಭುಜ, ಸೊಂಟ, ಕೈಬೆರಳು ಎಲ್ಲ ಕಡೆ ನೋವು. ರೋಗದ ಹೆಸರು ಫೈಬ್ರೊಮಯಾಲ್ಜಿಯಾ. ರಕ್ತಪರೀಕ್ಷೆ, ಸ್ಕ್ಯಾನು ಎಲ್ಲ 'ನಾರ್ಮಲ್'. ಆ ನಾರ್ಮಲ್ ಎಂಬ ಶಬ್ದವೇ ಅವಳಿಗೆ ಶತ್ರುವಾಗಿತ್ತು.

"ತಲಿ ಡಾಕ್ಟರ್ ಕಡೆ ಕಳಸ್ಯಾರ ಅಂದ್ರ, ನನ್ನ ನೋವು ಖೊಟ್ಟಿ ಅಂತ ಹೇಳಿದಂಗ ಆತಲ್ರಿ" ಎಂದು ಮೊದಲ ದಿನವೇ ಕೇಳಿದಳು.

"ಖೊಟ್ಟಿ ಅಂತ ಅನಿಸಿದ್ರ ನಾ ನಿಮ್ಮನ್ನ ಕರಸ್ತಿದ್ದಿಲ್ಲ" ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಬೇರೆಯವರ ವಿಷಯದಲ್ಲಿ ಅವಳ ನಡವಳಿಕೆ ನೋಡುವಂತಿತ್ತು. ಯಾರಾದರೂ ಕುರ್ಚಿಯಲ್ಲಿ ಕೂರಲಾಗದೆ ಚಡಪಡಿಸಿದರೆ ಬೆನ್ನಿಗೆ ದಿಂಬು ತಂದಿಡುತ್ತಿದ್ದಳು. ಕಾಕಾ ಮಾತಿನ ನಡುವೆ ಎದ್ದು ನಿಂತರೆ, ಅವರೊಬ್ಬರೇ ನಿಂತಂತೆ ಕಾಣದಿರಲಿ ಎಂದು ತಾನೂ ಎದ್ದು ಗೋಡೆಗೆ ಒರಗುತ್ತಿದ್ದಳು. ತನ್ನ ಸರದಿ ಬಂದಾಗ ಮಾತ್ರ, "ನಂದೇನದ ಬಿಡ್ರಿ" ಎಂದು ಮುಂದಕ್ಕೆ ದಾಟಿಸುತ್ತಿದ್ದಳು.

ಮೂರನೆಯ ವಾರದ ಪಾಠ ಸೆಲ್ಫ್-ಕಂಪ್ಯಾಶನ್. ಕಷ್ಟದಲ್ಲಿರುವ ಗೆಳೆಯನೊಂದಿಗೆ ನಡೆದುಕೊಳ್ಳುವಂತೆ ನಮ್ಮೊಂದಿಗೆ ನಾವೇ ನಡೆದುಕೊಳ್ಳುವುದು ಎಂದು ಅದರ ಸ್ಥೂಲ ಅರ್ಥ. ತರಬೇತಿಯ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಾನು ಹಿಂದಿನ ದಿನ ಕುಳಿತು ಅದನ್ನು 'ಆತ್ಮಕರುಣೆ' ಎಂದು ಕನ್ನಡಿಸಿದ್ದೆ. 'ನಿಮ್ಮ ಮೇಲೆ ನೀವೇ ದಯೆ ತೋರಿ' ಎಂದು ಬೋರ್ಡಿನ ಮೇಲೆ ಬರೆದೆ.

ಕಾಕಾ ಅದನ್ನು ಎರಡು ಸಲ ಓದಿದರು. "ದಯಾ ಅಂದ್ರ ಗುಡಿ ಮುಂದ ಕುಂತವರಿಗೆ ಮಾಡ್ತೀವಲ್ಲ, ಅದೇನ್ರಿ? ನಾ ಅಲ್ಲೀತನಕ ಬಂದಿಲ್ಲ ಇನ್ನ. ನಾಳಿ ಸವಾಲಿನಾಗ ರಾಶಿ ಮುಂದ ಎರಡು ತಾಸು ನಿಲ್ಲಾಂವ ನಾನು."

ಸವಾಲು ಎಂದರೆ ಮಾರುಕಟ್ಟೆಯಲ್ಲಿ ಅರಿಶಿನದ ಹರಾಜು. ಅಲ್ಲಿ ಎರಡು ತಾಸು ನಿಂತು, ಆಮೇಲೆ ಎರಡು ದಿನ ಹಾಸಿಗೆಯಿಂದ ಏಳಲಾಗದೆ ಮಲಗುತ್ತಿದ್ದ ಸಂಗತಿ ಅವರ ಫೈಲಿನಲ್ಲಿತ್ತು. ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟುಕೊಳ್ಳಿ ಎಂದು ನಾನು ಹೇಳಿದಾಗ ಇಬ್ಬರು ಎದ್ದು ಹೋದರು. ಪದ್ಮಾವತಿ ಕಣ್ಣು ಮುಚ್ಚಲೇ ಇಲ್ಲ, ನೆಲ ನೋಡುತ್ತ ಕುಳಿತಿದ್ದಳು.

ನಾಲ್ಕನೆಯ ವಾರ ಬಂದವರು ಐದೇ ಮಂದಿ. ಪದ್ಮಾವತಿ ಇರಲಿಲ್ಲ. ಡಾ. ಕುಲಕರ್ಣಿ, "ಗ್ರೂಪ್ ನಡಸೂದು ಜಮಾಸಲಿಲ್ಲ ಅಂದ್ರ ಬಿಟ್ಟುಬಿಡ್ರಿ, ಯಾರೂ ನಿಮಗೆ ಏನೂ ಅನ್ನಂಗಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ಎಂಟು ವಾರ ಎಂದು ಹೇಳಿದ್ದೇನೆ, ಒಬ್ಬರೇ ಬಂದರೂ ಎಂಟು ವಾರ ನಡೆಸುತ್ತೇನೆ ಎಂದೆ.

ಗುಂಪಿಗೆ ತಪ್ಪಿಸಿದವರಿಗೆ ಅದೇ ದಿನ ಫೋನ್ ಮಾಡುವುದು ನನ್ನ ನಿಯಮ. ಪದ್ಮಾವತಿ ಮೂರನೆಯ ಸಲಕ್ಕೆ ಫೋನ್ ಎತ್ತಿದಳು. ತೋಟದಲ್ಲಿ ಚಾಟಣಿ ನಡೆದಿತ್ತು, ಅಂದರೆ ಹಣ್ಣು ಬಿಡುವ ಮುಂಚೆ ಬಳ್ಳಿ ಸವರುವ ಕೆಲಸ. ಕೈ ಮೇಲೆತ್ತಿಕೊಂಡು ಮೂರು ದಿನ ಬಿಡದೆ ಕತ್ತರಿ ಆಡಿಸಿದ್ದಳು. ನಾಲ್ಕನೆಯ ದಿನದಿಂದ ಹಾಸಿಗೆ ಹಿಡಿದಿದ್ದಳು.

"ನಾ ಇನ್ನ ಬರಂಗಿಲ್ರಿ ಮ್ಯಾಡಮ್. ಸಾಕಾಗೇದ."

"ಗ್ರೂಪಿಗೆ ಬರೋದು ಸಾಕಾಗೇದೋ, ಎಲ್ಲಾನೂ ಸಾಕಾಗೇದೋ?"

ಅವಳು ಅಳತೊಡಗಿದಳು. ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಕೇಳಬಾರದು. ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. "ಪದ್ಮಾವತಿ, ಸಾಯಬೇಕಂತ ಅನಸ್ತದೇನ್ರಿ?" ಎಂದು ಕೇಳಿದೆ.

"ಅನಸ್ತದ" ಎಂದಳು.

ಮನೆಯಲ್ಲಿ ಯಾರಿದ್ದಾರೆಂದು ಕೇಳಿದೆ. ಅತ್ತೆ ಇದ್ದರು. ಫೋನನ್ನು ಅವರಿಗೆ ಕೊಡಿಸಿ, ನಾವು ಬರುವ ತನಕ ಸೊಸೆಯ ಪಕ್ಕದಿಂದ ಏಳಬೇಡಿ ಎಂದು ಹೇಳಿದೆ. ಸೋಶಿಯಲ್ ವರ್ಕರನ್ನು ಕರೆದುಕೊಂಡು ಆಸ್ಪತ್ರೆಯ ಗಾಡಿಯಲ್ಲಿ ಮಾಲಗಾಂವಕ್ಕೆ ಹೊರಟಾಗ ಮಧ್ಯಾಹ್ನ ಎರಡು ಗಂಟೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಒಂದೇ: ಮೂರನೆಯ ವಾರ ನೆಲ ನೋಡುತ್ತ ಕುಳಿತವಳನ್ನು ನಾನು ಯಾಕೆ ತಡೆದು ಮಾತಾಡಿಸಲಿಲ್ಲ?

ಒಳಕೋಣೆಯಲ್ಲಿ ಪದ್ಮಾವತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಪ್ಪತ್ತೈದರ ಅತ್ತೆ ಅವಳ ಕಾಲ ಬಳಿ ಕುಳಿತಿದ್ದರು. ನಾನು ನೆಲದ ಮೇಲೆ ಕುಳಿತೆ. ಅವಳು ಅಳುತ್ತಿದ್ದದ್ದು ನೋವಿಗಿಂತ ಹೆಚ್ಚಾಗಿ, ತನ್ನ ಪಾಲಿನ ಸಾಲುಗಳನ್ನು ಕೂಲಿಯವರು ಸವರುತ್ತಿದ್ದಾರೆ ಎಂದು.

"ಹಿಂಗ ಮಲಗಿದಾಗ ನಿಮಗ ನೀವು ಏನಂತ ಅಂದ್ಕೋತೀರಿ?" ಎಂದು ಕೇಳಿದೆ.

"ನಾಚಿಕಿಗೇಡಿ, ಎದ್ದೇಳು ಅಂತೀನಿ. ಬಿಟ್ಟಿ ಕೂಳು ತಿನ್ನಾಕಿ ಅಂತೀನಿ. ಇಂಥಾಕಿ ಇದ್ರೇನು, ಹೋದ್ರೇನು ಅಂತೀನಿ."

ಅತ್ತೆಗೆ ಇದು ಹೊಸ ಸುದ್ದಿ. ಆ ಮುದುಕಿಯ ಮುಖ ಕೆಂಪೇರಿತು. "ಏನಂದಿ? ಇಪ್ಪತ್ನಾಕು ವರ್ಷ ಆತು ನೀ ಬಂದು. ಈ ಮನ್ಯಾಗ ನಿನಗ ಯಾರರ ಇಂಥಾ ಮಾತು ಆಡ್ಯಾರೇನು? ನಾ ಆಡೀನೇನು?"

"ಇಲ್ರಿ ಆಯಿ."

"ಮತ್ತ ನೀ ಯಾಕ ಆಡ್ತಿ? ಹಾದ್ಯಾಗ ಬಿದ್ದ ನಾಯಿ ಕಂಡ್ರ ನೀರು ಹಾಕತಿ. ನಿನ್ನ ಮ್ಯಾಲ ನಿನಗ ಒಂದೀಟರ ಅಂತಃಕರಣ ಬ್ಯಾಡೇನವಾ?"

ಪದ್ಮಾವತಿ ಈ ಕಡೆಗೆ ಹೊರಳಿ ಅತ್ತೆಯ ಮಡಿಲಲ್ಲಿ ಮುಖವಿಟ್ಟಳು. ಅಂತಃಕರಣ! ನಮ್ಮ ಕಡೆ ಮನಮಿಡಿದು ಮಾಡುವ ಅಕ್ಕರೆಗೆ ದಿನಬಳಕೆಯ ಮಾತು ಅದು. ಅದರಲ್ಲಿ ಮೇಲಿನವರು, ಕೆಳಗಿನವರು ಎಂಬುದಿಲ್ಲ. ಚಿಕ್ಕಂದಿನಿಂದ ಕೇಳುತ್ತ ಬೆಳೆದ ಶಬ್ದವನ್ನು ಬಿಟ್ಟು ನಾನು ಬೋರ್ಡಿನ ಮೇಲೆ 'ದಯೆ' ಎಂದು ಬರೆದಿದ್ದೆ.

ತೋಟದಿಂದ ಬಂದ ಅಣ್ಣಾಸಾಹೇಬರಿಗೆ, ಪದ್ಮಾವತಿಯ ಒಪ್ಪಿಗೆ ಕೇಳಿ, ಅವಳ ಎದುರಿಗೇ ಎಲ್ಲವನ್ನೂ ಹೇಳಿದೆ. ಅವರು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟರು. ಗುಳಿಗೆಗಳ ಡಬ್ಬಿ ಅತ್ತೆಯ ಟ್ರಂಕಿಗೆ ಹೋಯಿತು. ಆಯಾ ದಿನದ್ದನ್ನು ಆಯಾ ದಿನ ಅವರೇ ಕೊಡುವುದೆಂದಾಯಿತು. ಅವಳನ್ನು ಒಬ್ಬಳನ್ನೇ ಬಿಡಬಾರದು, ಯೋಚನೆ ಜೋರಾದರೆ ಮೊದಲು ಯಾರನ್ನು ಕರೆಯಬೇಕು ಎಂಬುದನ್ನೆಲ್ಲ ಕಾಗದದಲ್ಲಿ ಬರೆದು ಮೂವರ ಕೈಗೂ ಕೊಟ್ಟೆ. ಮರುದಿನ ಬೆಳಿಗ್ಗೆ ನಮ್ಮ ಸೈಕಿಯಾಟ್ರಿಸ್ಟ್ ಅವಳನ್ನು ನೋಡಿ ಖಿನ್ನತೆಗೆ ಔಷಧ ಆರಂಭಿಸಿದರು. ಆಮೇಲೆ ಹತ್ತು ದಿನ ನಾನು ದಿನವೂ ಫೋನ್ ಮಾಡಿದೆ.

ಆರನೆಯ ಗುರುವಾರ ಅವಳು ಗುಂಪಿಗೆ ಮರಳಿದಳು. ಒಟ್ಟು ಆರು ಮಂದಿಯಾದರು. ನಾನು ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ನೋವು ಜೋರಿದ್ದ ದಿನ ನಿಮಗೆ ನೀವೇ ಹೇಳಿಕೊಳ್ಳುವ ಮಾತನ್ನು ಇದ್ದಂತೆಯೇ ಬರೆಯಿರಿ ಎಂದೆ. ಮರಾಠಿ ಅಕ್ಷರವಾದರೂ ಸರಿ, ಕನ್ನಡವಾದರೂ ಸರಿ. ಬರೆದಾದ ಮೇಲೆ, ಅದನ್ನು ಪಕ್ಕದಲ್ಲಿ ಕುಳಿತವರ ಮುಖ ನೋಡಿ ಅವರಿಗೇ ಹೇಳಬೇಕು ಎಂದೆ.

ಚಂದ್ರಶೇಖರ ಕಾಕಾನ ಪಕ್ಕದಲ್ಲಿದ್ದವಳು ಪದ್ಮಾವತಿ. ಅವಳ ಮನೆಯಲ್ಲಿ ನಡೆದದ್ದು ಅವರಿಗೆ ಗೊತ್ತಿರಲಿಲ್ಲ. ಮೈಯಿಳಿದು, ಮುಖ ಬಾಡಿದ್ದನ್ನು ಮಾತ್ರ ಕಂಡಿದ್ದರು. ಅವರು ಚೀಟಿ ನೋಡಿದರು, ಅವಳ ಮುಖ ನೋಡಿದರು.

"ಇದನ್ನ ಈ ತಂಗಿಗೆ ಹೆಂಗ ಹೇಳ್ಲಿರಿ ಮ್ಯಾಡಮ್? ಆಗೂದಿಲ್ಲ."

"ಏನ ಬರದೀರಿ ಕಾಕಾ?" ಪದ್ಮಾವತಿ ಕೇಳಿದಳು.

ಅವರು ಚೀಟಿಯನ್ನು ಅವಳ ಕೈಗಿಟ್ಟರು. ಅವಳೇ ಓದಿದಳು: "ನರಳಬ್ಯಾಡ ಮುದುಕಾ. ನಿನ್ನ ಕೆಲಸ ಮುಗದದ. ನಿಲ್ಲಾಕ ಬರದಾಂವ ದುಕಾನಕ್ಕ ಯಾಕ ಬೇಕು?"

ಪದ್ಮಾವತಿ ಚೀಟಿಯನ್ನು ಮಡಚಿದಳು. "ನನಗ ಹೇಳಾಕ ಆಗದ ಮಾತು, ನಿಮಗ ನೀವು ಐದು ವರ್ಷ ದಿನಾ ಹೆಂಗ ಹೇಳ್ಕೊಂಡ್ರಿ ಕಾಕಾ?"

ಕಾಕಾ ಕನ್ನಡಕ ತೆಗೆದು ಒರೆಸಿದರು. ಆಮೇಲೆ, "ನಿನ್ನ ಚೀಟಿನೂ ಕೊಡವಾ ಇಲ್ಲೆ" ಎಂದು ಕೈಚಾಚಿದರು. ಅದನ್ನು ಓದಿ, ನಾಲ್ಕು ತುಂಡು ಮಾಡಿ ಜೇಬಿಗಿಟ್ಟುಕೊಂಡರು.

ಉಳಿದ ಎರಡು ವಾರಗಳಲ್ಲಿ ನಾವು ಮಾಡಿದ್ದು ಕಠಿಣ ಕೆಲಸ. ಕೈಲಾದ ದಿನ ಮೈಮುರಿದು ದುಡಿದು ಆಮೇಲೆ ಬೀಳುವುದನ್ನು ನಿಲ್ಲಿಸಿ, ದಿನಕ್ಕಿಷ್ಟೇ ಎಂದು ಗೆರೆ ಎಳೆದು, ಮೈ ಹಗುರವಿದ್ದಾಗಲೂ ಆ ಗೆರೆ ದಾಟದಿರುವುದಕ್ಕೆ ಪೇಸಿಂಗ್ ಎನ್ನುತ್ತಾರೆ. ಹೇಳಲು ಸುಲಭ. ಪದ್ಮಾವತಿಗೆ ಇಪ್ಪತ್ತು ನಿಮಿಷಕ್ಕೆ ಕತ್ತರಿ ಕೆಳಗಿಡುವುದು ಮೂರು ದಿನ ಬಿಡದೆ ದುಡಿಯುವುದಕ್ಕಿಂತ ಕಷ್ಟವಾಯಿತು. ಮೊಬೈಲಿನಲ್ಲಿ ಅಲಾರಾಂ ಇಟ್ಟಳು. ಅದು ಹೊಡೆದಾಗ ಬಂದ್ ಮಾಡಿ ಮತ್ತೆ ಬಳ್ಳಿಗೆ ಕೈ ಹಾಕಿದ್ದನ್ನು ಗುಂಪಿನ ಮುಂದೆ ತಾನೇ ಒಪ್ಪಿಕೊಂಡಳು. ದಿನಕ್ಕೆ ಎರಡು ಸಾಲು ಎಂಬ ಲೆಕ್ಕ ಕೊನೆಗೂ ಕೂಡಿಬಂತು. ಕಾಕಾ ಅರಿಶಿನದ ಸವಾಲಿಗೆ ಮಡಚುವ ಕುರ್ಚಿಯೊಂದನ್ನು ಒಯ್ದು, ನಲವತ್ತು ವರ್ಷ ಜೊತೆಗೆ ನಿಂತು ಕೂಗಿದ ವ್ಯಾಪಾರಿಗಳ ನಡುವೆ ಕುಳಿತರು. "ಮೊದಲನೇ ದಿನ ಎಲ್ಲಾರೂ ನೋಡಿದ್ರು. ಎರಡನೇ ದಿನ ಒಬ್ಬಾಂವ, 'ಕಾಕಾ, ಎಲ್ಲಿ ತಗೊಂಡ್ರಿ ಇದನ್ನ?' ಅಂತ ಕೇಳಿದಾ" ಎಂದು ವರದಿ ಒಪ್ಪಿಸಿದರು.

ಫಲಿತಾಂಶವನ್ನು ಇದ್ದಂತೆ ಹೇಳುತ್ತೇನೆ. ಹತ್ತರ ಅಳತೆಯಲ್ಲಿ ಪದ್ಮಾವತಿಯ ನೋವು ಎಂಟರಿಂದ ಏಳಕ್ಕೆ ಇಳಿಯಿತು, ಅಷ್ಟೇ. ಕಾಕಾನ ಕಾಲಿನ ಉರಿ ಇದ್ದಲ್ಲೇ ಇತ್ತು. ಆದರೆ ಹಾಸಿಗೆಯಲ್ಲೇ ಕಳೆಯುವ ದಿನಗಳು ಇಬ್ಬರಿಗೂ ಕಡಿಮೆಯಾದವು. ಪದ್ಮಾವತಿಯ ಖಿನ್ನತೆಯ ಔಷಧ ಒಂದು ವರ್ಷ ನಡೆಯಿತು. ಸಾಯುವ ಯೋಚನೆ ಎರಡು ಸಲ ಮರಳಿ ಬಂದಾಗ ಎರಡು ಸಲವೂ ಅವಳೇ ಫೋನ್ ಮಾಡಿದಳು.

ಮರುವರ್ಷ ಚಾಟಣಿಯ ಕಾಲದಲ್ಲಿ ಒಂದು ಮಧ್ಯಾಹ್ನ ಅವಳ ಫೋನ್ ಬಂತು.

"ಏನಾತು ಪದ್ಮಾವತಿ?"

"ಏನಿಲ್ರಿ ಮ್ಯಾಡಮ್. ಇವತ್ತ ನೋವು ಭಾಳ ಅದ. ಒಂದ ಸಾಲು ಮಾಡಿ ಬಂದು ಮಲಗೇನಿ. ಆಯಿ ಚಹಾ ಕೊಟ್ರು, ಕುಡದೆ." ಆಮೇಲೆ ಹೇಳಿದಳು: "ಬೈಕೊಂಡಿಲ್ರಿ. ಅದನ್ನ ಹೇಳೂಣು ಅಂತ ಫೋನ್ ಮಾಡೀನಿ."

ವೃತ್ತಿಯ ಮೊದಲ ಇಪ್ಪತ್ತೈದು ವರ್ಷ, ನೋವು ಕಡಿಮೆ ಮಾಡಲಾಗದ ದಿನ ನಾನು ಸೋತೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ. ನೋವಿನ ಮೇಲೆ ನೋಯುವವರೇ ಹಾಕಿಕೊಳ್ಳುವ ಏಟು ಬೇರೆ ಇರುತ್ತದೆ, ಅದನ್ನು ತಡೆಯಲು ಬರುತ್ತದೆ ಎಂದು ಆ ಎಂಟು ಗುರುವಾರಗಳು ಕಲಿಸಿದವು. ತಡೆಯಲು ಬೇಕಾದ ಮಾತು ಬಹಳ ಸಲ ನಮ್ಮ ಪುಸ್ತಕದಲ್ಲಿ ಇರುವುದಿಲ್ಲ, ರೋಗಿಯ ಮನೆಯೊಳಗೇ ಇರುತ್ತದೆ. ಹೋಗಿ ನೆಲದ ಮೇಲೆ ಕುಳಿತು ಕೇಳಿಸಿಕೊಳ್ಳುವಷ್ಟು ಹಟ ನಮಗಿರಬೇಕು.